ಕೋಲಾರದ ಟೊಮೆಟೊ: ಬೆಲೆ ಬಿದ್ದ ಮೇಲಿನ ಪರಿಹಾರ, ನಾಟಿಗೂ ಮುಂಚಿನ ಲೆಕ್ಕ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದಿತ್ತು. ಈ ಏರಿಳಿತ ಕೋಲಾರಕ್ಕೆ ಹೊಸದಲ್ಲ. ಬೆಲೆ ಸಿಗದೆ ರೈತರು ಹಣ್ಣನ್ನು ರಸ್ತೆಗೆ ಸುರಿದ ಫೋಟೊ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹೊಸದೇನೆಂದರೆ, ಇದಕ್ಕೆ ಪರಿಹಾರ ಹುಡುಕಲು 2023ರಲ್ಲಿ ಕೇಂದ್ರ ಸರ್ಕಾರ ಕಾಲೇಜು ಹುಡುಗ ಹುಡುಗಿಯರನ್ನೂ ಕರೆಯಿತು. ಅವರು ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗಬೇಕಾದರೆ ಸಮಸ್ಯೆ ಎಲ್ಲಿ ಹುಟ್ಟಿತು ಎಂದು ನೋಡಬೇಕು.

ಕೋಲಾರ ಮೂಲತಃ ರಾಗಿ ಮತ್ತು ಕೆರೆಗಳ ಸೀಮೆ. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುತ್ತಿತ್ತು. ಕೆರೆಗಳು ಹೂಳು ತುಂಬಿಕೊಂಡಂತೆ ರೈತರು ಬೋರ್‌ವೆಲ್ ನಂಬಿದರು. ಅದೂ ಆಳಕ್ಕೆ ಹೋಯಿತು, ಸಾವಿರ ಅಡಿ ದಾಟಿತು. ಇಷ್ಟು ದುಡ್ಡು ಸುರಿದು ತೆಗೆದ ನೀರಿಗೆ ರಾಗಿ ಬೆಳೆದರೆ ಸಾಲ ತೀರುವುದಿಲ್ಲ. ಬೇಗ ಕಾಸು ತರುವ ಬೆಳೆಯೇ ಬೇಕು. ಟೊಮೆಟೊ ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಆಮೇಲೆ ವಾರಗಟ್ಟಲೆ ಕೀಳುತ್ತಲೇ ಇರಬಹುದು. ಡ್ರಿಪ್ ಇದ್ದರೆ ಕಡಿಮೆ ನೀರು ಸಾಕು. ಬೆಂಗಳೂರು, ಚೆನ್ನೈ ಎರಡೂ ಹತ್ತಿರ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರತೊಡಗಿತು. ಆ ನೀರಿನ ಗುಣಮಟ್ಟದ ಚರ್ಚೆ ಬೇರೆಯೇ ದೊಡ್ಡದು.

ಹೀಗೆ ಟೊಮೆಟೊ ಹಬ್ಬಿತು, ಮಂಡಿ ಬೆಳೆಯಿತು. ಇವತ್ತು ಇಲ್ಲಿಂದ ಲಾರಿಗಳು ಉತ್ತರ ಭಾರತದ ರಾಜ್ಯಗಳವರೆಗೂ ಹೋಗುತ್ತವೆ. ಆದರೆ ಕಷ್ಟವೂ ಬೆಳೆಯಿತು. ಸಸಿ, ಗೊಬ್ಬರ, ಕೋಲು, ತಂತಿ, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟ್, ಔಷಧಿ, ಕೂಲಿ ಎಲ್ಲ ಸೇರಿದರೆ ಎಕರೆಗೆ ಲಕ್ಷಕ್ಕೂ ಜಾಸ್ತಿ ಖರ್ಚು. ಬೆಲೆ ಬಿದ್ದಾಗ ಕೀಳುವ ಕೂಲಿ, ಬಾಕ್ಸು, ಬಾಡಿಗೆ ಕೂಡ ಹುಟ್ಟುವುದಿಲ್ಲ. ಆಗ ರೈತ ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ.

ಬೆಲೆ ಯಾಕೆ ಹೀಗೆ ಬೀಳುತ್ತದೆ? ಬೆಲೆ ಏರಿದ ಸುದ್ದಿ ಕೇಳಿದ ಕೂಡಲೇ ಎಲ್ಲರೂ ಸಸಿ ತರುತ್ತಾರೆ. ಎಲ್ಲರ ಹಣ್ಣೂ ಒಟ್ಟಿಗೇ ಮಂಡಿಗೆ ಬರುತ್ತದೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ನಾಸಿಕ್, ನಾರಾಯಣಗಾಂವ್ ಕಡೆಯ ಬೆಳೆ ಬಂದರೆ ಉತ್ತರದ ವ್ಯಾಪಾರಿಗಳು ಇತ್ತ ಬರುವುದೇ ಕಡಿಮೆ. ಪಕ್ಕದ ಆಂಧ್ರದ ಮದನಪಲ್ಲಿಯದೂ ಸೇರಿಕೊಳ್ಳುತ್ತದೆ. ಇನ್ನು ರೋಗ ಬಂದರೆ ಕಥೆ ಉಲ್ಟಾ. 2023ರಲ್ಲಿ ಬಿಳಿ ನೊಣ ಮತ್ತು ಎಲೆ ಮುದುರು ರೋಗದಿಂದ ಇಲ್ಲಿ ಎಷ್ಟೋ ತೋಟ ಹಾಳಾಯಿತು, ಬೆಲೆ ಏರಲು ಅದೂ ಒಂದು ಕಾರಣ. ಅಂದರೆ ಬೆಲೆ ಸಿಕ್ಕಾಗ ತುಂಬಾ ರೈತರ ಕೈಯಲ್ಲಿ ಹಣ್ಣೇ ಇರಲಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. 2018-19ರ ಕೇಂದ್ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಯ ಬೆಲೆ ಏರಿಳಿತ ತಡೆಯಲು 500 ಕೋಟಿ ರೂಪಾಯಿಯ 'ಆಪರೇಷನ್ ಗ್ರೀನ್ಸ್' ಬಂತು. 2023ರ ಜೂನ್ 30ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಶಿಕ್ಷಣ ಸಚಿವಾಲಯದ ಜೊತೆ ಸೇರಿ 'ಟೊಮೆಟೊ ಗ್ರ್ಯಾಂಡ್ ಚಾಲೆಂಜ್' ಶುರು ಮಾಡಿತು. ವಿದ್ಯಾರ್ಥಿಗಳು, ಸಂಶೋಧಕರು, ಅಧ್ಯಾಪಕರು, ಸ್ಟಾರ್ಟ್‌ಅಪ್‌ಗಳು ಯಾರು ಬೇಕಾದರೂ ಐಡಿಯಾ ಕೊಡಬಹುದಿತ್ತು. ದೇಶದ ಎಲ್ಲೆಡೆಯಿಂದ 1,376 ಐಡಿಯಾ ಬಂದವು. ಮೊದಲ ಸುತ್ತಿನಲ್ಲಿ 423 ಉಳಿದವು. ಕೊನೆಗೆ 28ಕ್ಕೆ ಹಣ ಸಿಕ್ಕಿತು. ಆಯ್ಕೆ, ಮಾರ್ಗದರ್ಶನ, ಪ್ರಯೋಗ ಎಲ್ಲ ಮುಗಿಯಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಈ ವಿಷಯವೇ. ಎರಡು ದಿನದ ಹ್ಯಾಕಥಾನ್‌ನಲ್ಲಿ ಟೊಮೆಟೊ ಗಿಡ ಒಂದು ಎಲೆ ಕೂಡ ಬಿಡುವುದಿಲ್ಲ, ಅಲ್ವಾ? ಪೂರ್ತಿ ಬೆಳೆ ನೋಡಬೇಕಾದರೆ ನಾಲ್ಕು ತಿಂಗಳಾದರೂ ಬೇಕು.

ಅಷ್ಟು ಕಾಲ ಹಳ್ಳಿಯಲ್ಲಿ ಇರುವ ಪದ್ಧತಿ ನಮ್ಮ ಕೃಷಿ ಕಾಲೇಜುಗಳಲ್ಲಿ ಮೊದಲಿನಿಂದ ಇದೆ. ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಲ್ಲಿ ಕೊನೆಯ ವರ್ಷದವರು ಹಳ್ಳಿಗಳಿಗೆ ಬರುತ್ತಾರೆ. ಬೀದಿಯಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದು ಕೆರೆ, ಬೋರು, ಬೆಳೆ ಗುರುತಿಸುತ್ತಾರೆ. ಊರಿನವರು ಸುತ್ತ ನಿಂತು ತಪ್ಪು ತಿದ್ದುತ್ತಾರೆ. ಒಳ್ಳೆಯ ಕೆಲಸ ಅದು. ಆದರೆ ಬರುವವರು ಕೃಷಿ, ತೋಟಗಾರಿಕೆ ಓದುವವರು ಮಾತ್ರ. ಬೆಲೆ ಲೆಕ್ಕ ಹಾಕುವ ಕಾಮರ್ಸ್ ಹುಡುಗಿ, ಆ್ಯಪ್ ಬರೆಯುವ ಇಂಜಿನಿಯರಿಂಗ್ ಹುಡುಗ ಅಲ್ಲಿ ಇರುವುದಿಲ್ಲ.

ಇವರೆಲ್ಲ ಬೇರೆ ಬೇರೆಯಾಗಿ ಕೆಲಸ ಮಾಡಿದಾಗ ಎಲ್ಲರ ಪರಿಹಾರವೂ ಕೊಯ್ಲಿನ ಆಚೆಗೇ ನಿಲ್ಲುತ್ತದೆ. ಕೋಲ್ಡ್ ಸ್ಟೋರೇಜ್ ಅನ್ನುತ್ತಾರೆ. ಟೊಮೆಟೊವನ್ನು 10 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇಟ್ಟರೆ ಹಣ್ಣು ಕೆಡುತ್ತದೆ. ಬಿದ್ದ ಬೆಲೆಗೆ ಕರೆಂಟ್ ಬಿಲ್ಲೂ ಗಿಟ್ಟದಿರಬಹುದು. ಕೆಚಪ್ ಫ್ಯಾಕ್ಟರಿ ಅನ್ನುತ್ತಾರೆ. ಒಂದು ಕೆ.ಜಿ. ಗಟ್ಟಿ ಪೇಸ್ಟಿಗೆ ಐದಾರು ಕೆ.ಜಿ. ಹಣ್ಣು ಬೇಕು. ಫ್ಯಾಕ್ಟರಿಗೆ ನೀರಿನಂಶ ಕಡಿಮೆ ಇರುವ ತಳಿ ಬೇಕು. ನಮ್ಮವರು ಬೆಳೆಯುವುದು ದೂರದ ಸಾಗಣೆ ತಡೆಯುವ, ತರಕಾರಿ ಅಂಗಡಿಗೆ ಹೋಗುವ ತಳಿ. ಒಂದೇ ಹಣ್ಣು ಎರಡಕ್ಕೂ ಸಲೀಸಾಗಿ ಒಗ್ಗುವುದಿಲ್ಲ. ಇಟ್ಟಿಗೆ ಗೋಡೆಗಳ ನಡುವೆ ಒದ್ದೆ ಮರಳು ತುಂಬಿ ಮಾಡುವ ಕರೆಂಟಿಲ್ಲದ ತಂಪು ಕೋಣೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ 1980ರ ದಶಕದಲ್ಲೇ ಬಂತು. ಅದು ಕೆಲವು ದಿನ ಹಣ್ಣು ಉಳಿಸುತ್ತದೆ. ಇಡೀ ಮಂಡಿಯ ಹಣ್ಣನ್ನಲ್ಲ.

ಇವೆಲ್ಲ ಬೇಡ ಅಂತಲ್ಲ. ಆದರೆ ಮೊದಲು ಬೇಕಾಗಿರುವುದು ನಾಟಿಗೂ ಮುಂಚಿನ ಲೆಕ್ಕ. ಇಲ್ಲಿನ ರೈತರು ಬಹುತೇಕ ಸಸಿಯನ್ನು ನರ್ಸರಿಯಿಂದ ತರುತ್ತಾರೆ. ಟ್ರೇಗಳಲ್ಲಿ ಸುಮಾರು 25 ದಿನ ಬೆಳೆದ ಸಸಿ ಅದು. ಈ ವಾರ ಎಷ್ಟು ಸಸಿ ಹೋಯಿತು ಅಂತ ನರ್ಸರಿಯವರಿಗೆ ಗೊತ್ತು. ಇನ್ನು ಎರಡೂವರೆ ತಿಂಗಳಿಗೆ ಮಂಡಿಗೆ ಎಷ್ಟು ಹಣ್ಣು ಬರಬಹುದು ಅನ್ನುವ ಅಂದಾಜು ಅದರಲ್ಲೇ ಇದೆ. ಅದನ್ನು ಒಟ್ಟುಗೂಡಿಸಿ ರೈತನ ಕೈಗೆ ಕೊಡುವವರು ಬೇಕು, ಅಷ್ಟೇ. ಕಾಮರ್ಸ್‌ನವರು ನರ್ಸರಿಗಳಿಗೆ ಫೋನ್ ಮಾಡಲಿ. ತೋಟಗಾರಿಕೆಯವರು ರೋಗ, ಮಳೆ ನೋಡಿ ಇಳುವರಿ ಅಂದಾಜು ಮಾಡಲಿ. ಕಂಪ್ಯೂಟರ್ ಓದುವವರು ನಾಸಿಕ್, ಮದನಪಲ್ಲಿಯ ಆವಕದ ಲೆಕ್ಕ ಸೇರಿಸಲಿ. ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕನ್ನಡ ಧ್ವನಿ ಸಂದೇಶ ಹೋದರೆ ಸಾಕು: 'ಈ ವಾರ ಸಸಿ ಜಾಸ್ತಿ ಹೋಗಿದೆ, ಒಂದೆಕರೆಗೆ ಬೀನ್ಸ್ ಹಾಕುವ ಬಗ್ಗೆ ಯೋಚಿಸಿ.'

ಎರಡು ತೊಡಕು ಇವೆ. ನರ್ಸರಿಯವರು ವ್ಯಾಪಾರದ ಗುಟ್ಟು ಬಿಟ್ಟುಕೊಡಲು ಹಿಂಜರಿಯಬಹುದು. ಹೆಸರು ಹೇಳದೆ ಒಟ್ಟು ಸಂಖ್ಯೆ ಮಾತ್ರ ಪ್ರಕಟಿಸಿದರೆ ಒಪ್ಪಿಸಬಹುದು. ಇನ್ನೊಂದು ಇದಕ್ಕಿಂತ ಕಷ್ಟದ್ದು. ಕೊನೆಯ ವರ್ಷದವರು ಪರೀಕ್ಷೆ ಮುಗಿಸಿ ಹೊರಟ ಮೇಲೆ ಫೋನ್ ನಂಬರು, ಪುಸ್ತಕ, ಪರಿಚಯ ಎಲ್ಲ ಅವರ ಜೊತೆಗೇ ಹೋಗುತ್ತದೆ. ಕೋಲಾರದ ಹತ್ತಿರದ ಟಮಕದ ತೋಟಗಾರಿಕೆ ಕಾಲೇಜಿಗೂ ಎಪಿಎಂಸಿಗೂ ಇರುವುದು ಕೆಲವೇ ಕಿಲೋಮೀಟರ್. ಎರಡನೇ ವರ್ಷದವರನ್ನೂ ತಂಡಕ್ಕೆ ಸೇರಿಸಿಕೊಂಡು, ಮಂಡಿಯಲ್ಲೇ ಅವರಿಗೊಂದು ಕೋಣೆ ಕೊಟ್ಟರೆ ಲೆಕ್ಕದ ಪುಸ್ತಕ ಅಲ್ಲೇ ಉಳಿಯುತ್ತದೆ. ಮುಂದಿನ ಬ್ಯಾಚಿನವರು ಹಿಂದಿನ ವರ್ಷದ ಸಸಿ ಲೆಕ್ಕದ ಪಕ್ಕದಲ್ಲೇ ಈ ವರ್ಷದ್ದನ್ನು ಬರೆಯಬಹುದು.