ನಿರ್ವಾತದ ಹೆಣಿಕೆ

‘ನಿರ್ವಾತ’ ಎಂದರೆ ಗಾಳಿಯಿಲ್ಲದ್ದು. ಕ್ವಾಂಟಮ್ ಕ್ಷೇತ್ರ ಸಿದ್ಧಾಂತದಲ್ಲಿ ಈ ಪದ ಕ್ಷೇತ್ರವೊಂದರ, ಅಂದರೆ ವಿದ್ಯುತ್ ಕ್ಷೇತ್ರದಂತೆ ಎಲ್ಲೆಡೆ ಹರಡಿಕೊಂಡಿರುವುದರ, ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು ಸೂಚಿಸುತ್ತದೆ. ಗಾಳಿ, ಬೆಳಕು, ಕಣಗಳೆಲ್ಲವನ್ನೂ ತೆಗೆದ ಮೇಲೂ ಕ್ಷೇತ್ರ ಉಳಿದೇ ಇರುತ್ತದೆ, ಅದರ ಏರಿಳಿತವೂ ನಿಲ್ಲುವುದಿಲ್ಲ. ಒಂದೆಡೆಯ ಏರಿಳಿತವು ಇನ್ನೊಂದೆಡೆಯದರೊಂದಿಗೆ ಬಿಡಿಸಿ ಹೇಳಲಾಗದಂತೆ ಬೆಸೆದಿರುವುದೇ ನಿರ್ವಾತದ ಹೆಣಿಕೆ, ಅಂದರೆ ಎಂಟ್ಯಾಂಗಲ್‌ಮೆಂಟ್.

ಇದನ್ನು ಬರಿಯ ಹೊಂದಾಣಿಕೆ ಎಂದು ತಿಳಿಯಬಾರದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಸಿಂಧನೂರು ಕಡೆಯ ಒಂದು ಉಪಕಾಲುವೆಯಲ್ಲೂ ಮಾನ್ವಿ ಕಡೆಯ ಇನ್ನೊಂದರಲ್ಲೂ ಗೇಜ್ ಏರಿದರೆ, ಎರಡಕ್ಕೂ ಮೇಲೆ ತೆರೆದ ಗೇಟೇ ಕಾರಣವೆಂದು ನಮ್ಮ ರೈತರಿಗೆ ಗೊತ್ತು. ಹೆಣಿಕೆಯಾದ ವ್ಯವಸ್ಥೆಗಳ ಸಂಬಂಧವನ್ನು ಹೀಗೆ ಮೊದಲೇ ಆಗಿಹೋದ ಒಂದು ಸಮಾನ ಕಾರಣದಿಂದ ಪೂರ್ತಿಯಾಗಿ ವಿವರಿಸಲು ಆಗುವುದಿಲ್ಲ; ಸಮಾನ ಕಾರಣದಿಂದ ಹುಟ್ಟುವ ಸಂಬಂಧ ಮೀರಲಾಗದ ಮಿತಿಯಾದ ಬೆಲ್ ಅಸಮಾನತೆಯ ಪರೀಕ್ಷೆ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ನಿರ್ವಾತದ ಸ್ಥಿತಿಯೂ ಆ ಅಸಮಾನತೆಯನ್ನು ಮೀರುತ್ತದೆಂದು ಸಂಶೋಧಕರಾದ ಸಮ್ಮರ್ಸ್ ಮತ್ತು ವರ್ನರ್ 1985ರಲ್ಲಿ ಗಣಿತದಿಂದ ತೋರಿಸಿದರು.

ಹಾಗಾದರೆ ಅದನ್ನು ಪತ್ತೆಹಚ್ಚುವುದು ಹೇಗೆ? ಬಳ್ಳಾರಿಯಲ್ಲೊಂದು, ರಾಯಚೂರಿನಲ್ಲೊಂದು ಶೋಧಕ, ಅಂದರೆ ಕ್ಷೇತ್ರದ ಏರಿಳಿತಕ್ಕೆ ಸ್ಪಂದಿಸುವ ಪುಟ್ಟ ಕ್ವಾಂಟಮ್ ಸಾಧನ, ಇದೆ ಎಂದುಕೊಳ್ಳೋಣ. ನೇರ ಗೆರೆಯಲ್ಲಿ ಸುಮಾರು 130 ಕಿ.ಮೀ. ದೂರವಾದ್ದರಿಂದ ಬೆಳಕಿಗೆ ಅರ್ಧ ಮಿಲಿಸೆಕೆಂಡೂ ಬೇಕಾಗದು. ಬೆಳಕು ಅಷ್ಟು ದೂರ ಹೋಗುವುದಕ್ಕಿಂತ ಕಡಿಮೆ ಅವಧಿಯಲ್ಲಿ ಎರಡೂ ಶೋಧಕಗಳು ಏಕಕಾಲಕ್ಕೆ ಕ್ಷೇತ್ರವನ್ನು ಮುಟ್ಟಿ ಬಿಟ್ಟರೆ, ಒಂದರ ಸುದ್ದಿ ಇನ್ನೊಂದಕ್ಕೆ ತಲುಪಿರಲಾರದು. ಮೊದಲು ಬೇರೆ ಬೇರೆಯಾಗಿದ್ದ ಅವುಗಳ ನಡುವೆ ನಂತರ ಹೆಣಿಕೆ ಕಂಡರೆ, ತಮ್ಮ ತಮ್ಮ ಜಾಗದಲ್ಲಿ ಮಾಡಿದ ಕ್ರಿಯೆಯಿಂದ ಹೆಣಿಕೆ ಹುಟ್ಟಲಾರದಾದ್ದರಿಂದ, ಅದು ಕ್ಷೇತ್ರದಲ್ಲಿ ಮೊದಲೇ ಇತ್ತೆಂದೇ ಒಪ್ಪಬೇಕು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಈ ತರ್ಕವೇ. ವ್ಯಾಲೆಂಟಿನಿ 1991ರಲ್ಲಿ ಇಂಥ ಸಂಬಂಧವನ್ನು ಲೆಕ್ಕಹಾಕಿದರು. ರೆಜ್ನಿಕ್ 2003ರಲ್ಲಿ ಅದು ನಿಜಕ್ಕೂ ಹೆಣಿಕೆಯೆಂದು ತೋರಿಸಿದರು. ಇದಕ್ಕೆ ಇಂದು ‘ಹೆಣಿಕೆಯ ಕೊಯ್ಲು’ ಎಂಬರ್ಥದ ಹೆಸರೇ ಬಳಕೆಯಲ್ಲಿದೆ.

ಆದರೆ ಶೋಧಕಗಳ ದೂರವು ಅವು ಕ್ಷೇತ್ರವನ್ನು ಮುಟ್ಟುವ ಅವಧಿಗೆ ಹೋಲಿಸಿದರೆ ಹೆಚ್ಚಾದಂತೆಲ್ಲ ಸಿಗುವ ಹೆಣಿಕೆ ಬಹು ಬೇಗ ಕ್ಷೀಣಿಸುವುದರಿಂದ, ಪ್ರಯೋಗವು ಅತಿ ಕಿರಿದಾದ ಜಾಗ ಮತ್ತು ಕಾಲಗಳಲ್ಲೇ ನಡೆಯಬೇಕು. ನಿರ್ವಾತದ ಬದಲು ಸಾಲಾಗಿ ಹಿಡಿದಿಟ್ಟ ಅಯಾನುಗಳ (ವಿದ್ಯುದಾವೇಶವಿರುವ ಪರಮಾಣುಗಳ) ಕಂಪನದಲ್ಲಿ ಇದನ್ನು ನೋಡಬಹುದೆಂದು 2005ರಲ್ಲಿ ಸೂಚನೆ ಬಂತು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 4 ಕೆಲ್ವಿನ್‌ಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ತಣಿಸಿದ ಹರಳಿನ ಮೂಲಕ ಎರಡು ಲೇಸರ್ ಮಿಡಿತಗಳನ್ನು ಹಾಯಿಸಿ ನಿರ್ವಾತದ ವಿದ್ಯುತ್ ಕ್ಷೇತ್ರದ ಪರಸ್ಪರ ಸಂಬಂಧವನ್ನು ಅಳೆದರು. 2022ರಲ್ಲಿ ಬೆಳಕಿನ ಸುದ್ದಿಯೂ ತಲುಪದ ಬಿಂದುಗಳ ನಡುವೆಯೂ ಅದು ಸಿಕ್ಕಿತು. ಆದರೆ ಅಲ್ಲಿ ಅಳೆದದ್ದು ಸಂಬಂಧವನ್ನು. ಎರಡು ಶೋಧಕಗಳು ತಾವೇ ಹೆಣೆದುಕೊಂಡದ್ದನ್ನಲ್ಲ.