ಹಣ ಕೊಡುವವರ ಮುಂದೆ ಯಾವ ಲೆಕ್ಕ ಇಡಬೇಕು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸಣ್ಣ ಉದ್ಯಮಿಗಳು ತರುವ ಯೋಜನಾ ವರದಿಗಳನ್ನು ತಿದ್ದಿ ಸಿದ್ಧಪಡಿಸುವುದು ನನ್ನ ನಿತ್ಯದ ಕೆಲಸ. ಅವುಗಳಲ್ಲಿ ಹೆಚ್ಚಿನವು ಉತ್ಪನ್ನದ ಗುಣಗಾನದಿಂದ ಆರಂಭವಾಗಿ ಐದು ವರ್ಷಗಳ ಲಾಭದ ಅಂದಾಜಿನಲ್ಲಿ ಮುಗಿಯುತ್ತವೆ. ಬ್ಯಾಂಕಿಗೂ ಹೂಡಿಕೆದಾರರಿಗೂ ದೊಡ್ಡ ಗಿರಾಕಿಗೂ ಅದೇ ಪ್ರತಿ ಹೋಗುತ್ತದೆ. ಈ ಮೂವರ ಆತಂಕ ಬೇರೆ ಬೇರೆ. ಕೊಟ್ಟ ಸಾಲ ಕಂತು ಕಂತಾಗಿ ಮರಳುತ್ತದೆಯೇ ಎಂಬುದು ಬ್ಯಾಂಕಿನ ಪ್ರಶ್ನೆಯಾದರೆ, ಉದ್ಯಮ ಎಷ್ಟು ಬೆಳೆಯುತ್ತದೆ, ತನ್ನ ಪಾಲನ್ನು ಮುಂದೆ ಯಾರು ಕೊಳ್ಳುತ್ತಾರೆ ಎಂಬುದು ಹೂಡಿಕೆದಾರರ ಪ್ರಶ್ನೆ. ಗಿರಾಕಿಗೆ ಬೇಕಾದುದು ಹೇಳಿದ ದಿನ, ಹೇಳಿದ ಗುಣಮಟ್ಟದ ಮಾಲು.

ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಯನ್ನೇ ತೆಗೆದುಕೊಳ್ಳೋಣ. ಶೇಂಗಾ ಬೀಜದಲ್ಲಿ ಎಣ್ಣೆಯ ಅಂಶ ಶೇ 45ರಿಂದ 50ರಷ್ಟಿರುತ್ತದೆ ಎಂಬ ಮಾತು ಬಹುತೇಕ ಎಲ್ಲ ವರದಿಗಳಲ್ಲೂ ಇರುತ್ತದೆ, ಅದು ನಿಜವೂ ಹೌದು. ಆದರೆ ಮಾರುಕಟ್ಟೆಯಲ್ಲಿ ರೈತರಿಂದ ಕೊಳ್ಳುವುದು ಸಿಪ್ಪೆಸಹಿತ ಕಾಯಿಯನ್ನು. 100 ಕಿಲೋ ಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ ಸಿಗುತ್ತದೆ. ಅದರ ಮೇಲೆ ಶೇ 40ರ ಇಳುವರಿ ಹಿಡಿದರೆ ಬರುವ ಎಣ್ಣೆ 28 ಕಿಲೋ. ಖರೀದಿಯನ್ನು ಕಾಯಿಯ ದರದಲ್ಲಿ, ಇಳುವರಿಯನ್ನು ಬೀಜದ ಲೆಕ್ಕದಲ್ಲಿ ಬರೆದ ವರದಿ ಒಂದು ಕ್ವಿಂಟಲ್ ಕಾಯಿಗೆ 40 ಕಿಲೋ ಎಣ್ಣೆ ತೋರಿಸುತ್ತದೆ, ಅದರಲ್ಲಿ 12 ಕಿಲೋ ಕಾಗದದ ಮೇಲಷ್ಟೇ ಇರುತ್ತದೆ. ಈ ಭಾಗದ ಶಾಖೆಗಳಲ್ಲಿ ಕೆಲಸ ಮಾಡಿದ ಸಾಲಾಧಿಕಾರಿಗೆ ಇದು ಒಂದೇ ನೋಟಕ್ಕೆ ಸಿಕ್ಕುತ್ತದೆ, ಮತ್ತು ಆಮೇಲಿನ ಯಾವ ಪುಟವನ್ನೂ ಅವರು ನಂಬುವುದಿಲ್ಲ. ಇನ್ನೊಂದೆಡೆ, ಪಶು ಆಹಾರಕ್ಕೆ ಹೋಗುವ ಹಿಂಡಿಯ ಆದಾಯವನ್ನು ಎಷ್ಟೋ ಮಂದಿ ಬರೆಯುವುದೇ ಇಲ್ಲ. ಗಿರಣಿಯ ಲಾಭ ನಿಲ್ಲುವುದು ಅನೇಕ ಸಲ ಆ ಹಿಂಡಿಯ ಮೇಲೆಯೇ.

ಇನ್ನು ದುಡಿಯುವ ಬಂಡವಾಳದ, ಅಂದರೆ ಮಾಲು ಕೊಳ್ಳಲು, ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣದ ವಿಷಯ. ಕಿರು ಮತ್ತು ಸಣ್ಣ ಘಟಕಗಳಿಗೆ 5 ಕೋಟಿ ರೂಪಾಯಿವರೆಗಿನ ಸಾಲ ಮಿತಿಯಲ್ಲಿ ಅಂದಾಜು ವಾರ್ಷಿಕ ವಹಿವಾಟಿನ ಕನಿಷ್ಠ ಶೇ 20ರಷ್ಟನ್ನು ಬ್ಯಾಂಕ್ ಕೊಡುವ, ಶೇ 5ರಷ್ಟನ್ನು ಮಾಲೀಕರು ಹಾಕುವ ಪದ್ಧತಿಯಿದೆ. ಎರಡೂ ಸೇರಿದರೆ ವಹಿವಾಟಿನ ಕಾಲುಭಾಗ, ಅಂದರೆ ಮೂರು ತಿಂಗಳ ಚಕ್ರಕ್ಕೆ ಸಾಲುವ ಹಣ. ಶೇಂಗಾ ಬರುವುದು ಸುಗ್ಗಿಯ ಕೆಲವೇ ತಿಂಗಳಲ್ಲಿ, ಎಣ್ಣೆ ಮಾರಾಟವಾಗುವುದು ವರ್ಷವಿಡೀ, ಹಾಗಾಗಿ ಗಿರಣಿಗೆ ಆ ಮೂರು ತಿಂಗಳ ಹಣ ಸಾಲದು. ಆದ್ದರಿಂದ ಯಾವ ತಿಂಗಳು ಎಷ್ಟು ದಾಸ್ತಾನು, ಎಷ್ಟು ಹಣ ಒಳಗೆ, ಎಷ್ಟು ಹೊರಗೆ ಎಂಬ 12 ತಿಂಗಳ ಪಟ್ಟಿಯನ್ನು ಇಟ್ಟು ಹೆಚ್ಚಿನ ಮಿತಿ ಕೇಳಬೇಕೇ ಹೊರತು ಬರೀ ವಾರ್ಷಿಕ ಮೊತ್ತ ತೋರಿಸಿ ಅಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವರದಿಯಲ್ಲಿ ಅತ್ಯಂತ ಮನವೊಲಿಸುವ ಹಾಳೆ ಇದೇ.

ಹೂಡಿಕೆದಾರರ ಮುಂದೆ ಈ ಪಟ್ಟಿ ಸಾಲದು. ದೇಶದ ಖಾದ್ಯತೈಲ ಮಾರುಕಟ್ಟೆಯಲ್ಲಿ ಶೇ 1ರಷ್ಟು ಪಾಲು ನಮಗೆ ಸಿಕ್ಕರೆ ಎಂಬ ಊಹೆಗೂ ಅವರಲ್ಲಿ ಬೆಲೆಯಿಲ್ಲ. ದಾವಣಗೆರೆಯ ಎಷ್ಟು ಕಿರಾಣಿ ಅಂಗಡಿಗಳು ಮೊದಲ ಮಾಲು ಮುಗಿದ ಮೇಲೆ ತಾವಾಗಿಯೇ ಮತ್ತೆ ತರಿಸಿಕೊಂಡವು ಎಂಬ ಬಿಲ್ಲುಗಳ ದಾಖಲೆ, ಅದು ಚಿಕ್ಕದಾಗಿದ್ದರೂ, ಅದಕ್ಕಿಂತ ಮೇಲು.

ಬೆಂಗಳೂರಿನ ಹೋಟೆಲ್ ಸಮೂಹದಂಥ ದೊಡ್ಡ ಗಿರಾಕಿಯ ಬಳಿ ಹೋಗುವಾಗ ಆಹಾರ ಸುರಕ್ಷತಾ ಪರವಾನಗಿ, ಬ್ಯಾಚ್‌ವಾರು ಪರೀಕ್ಷಾ ವರದಿ ಮತ್ತು ಮಾದರಿ ಕೈಯಲ್ಲಿರಲಿ. ದರದ ಮಾತು ಮುಗಿದ ಕೂಡಲೇ ಹಣ ಪಾವತಿಯ ಮಾತನ್ನೂ ಆಡಬೇಕು. ಆರ್ಡರ್ ತಪ್ಪೀತೆಂಬ ಸಂಕೋಚದಿಂದ ನಮ್ಮವರು ಇದನ್ನು ಮುಂದೂಡುತ್ತಾರೆ, ಆಮೇಲೆ ಉದ್ರಿಯಲ್ಲೇ ನಲುಗುತ್ತಾರೆ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ, ಆದರೆ 45 ದಿನ ಮೀರದ ಅವಧಿಯಲ್ಲಿ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ಆ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಮ್ಮದು ಇಂಥ ಘಟಕವೆಂದು ತೋರಿಸುವ ಸರ್ಕಾರಿ ಉದ್ಯಮ್ ನೋಂದಣಿ ಸಂಖ್ಯೆಯನ್ನು ದರಪತ್ರದ ಮೇಲ್ಭಾಗದಲ್ಲೇ ಮುದ್ರಿಸಿಕೊಟ್ಟರೆ ಆ ಸಂಸ್ಥೆಯ ಲೆಕ್ಕಪತ್ರ ವಿಭಾಗವೇ ಗಡುವಿನ ಮೇಲೆ ಕಣ್ಣಿಡುತ್ತದೆ.