ನೀರಿನ ಲೇನ್‌ನಲ್ಲೊಂದು ಪಟ್ಟಿ

ಕ್ಯಾನ್ಸರ್, ವಿಕಾಸ, ರೋಗನಿರೋಧ ಎಂದು ಯಾವುದೇ ಆಸಕ್ತಿ ಹೊತ್ತು ಬಂದಿರಲಿ, ಆಣ್ವಿಕ ಜೀವಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದವರು ಬೇಗನೆ ಕೈ ಪಳಗಿಸಿಕೊಳ್ಳಬೇಕಾದ ಕೆಲಸವೆಂದರೆ ಪಿಸಿಆರ್, ಅಂದರೆ ಡಿಎನ್‌ಎಯ ಒಂದು ತುಣುಕನ್ನು ಕೊಳವೆಯಲ್ಲೇ ಕೋಟಿಗಟ್ಟಲೆ ಪ್ರತಿ ಮಾಡುವುದು. ಕ್ಯಾರಿ ಮುಲ್ಲಿಸ್‌ಗೆ 1983ರಲ್ಲಿ ಹೊಳೆದು, 1993ರಲ್ಲಿ ನೊಬೆಲ್ ತಂದುಕೊಟ್ಟ ವಿಧಾನವಿದು.

ಒಂದು ಕೊಳವೆಗೆ ಸಾಮಾನ್ಯವಾಗಿ 25 ಮೈಕ್ರೊಲೀಟರ್ ಮಿಶ್ರಣ. ಎಂಟು ಮಾದರಿಗಳಿದ್ದರೆ, ನೀರಿನ ಕೊಳವೆಯೊಂದನ್ನು ಸೇರಿಸಿ, ಹತ್ತಕ್ಕೆ ಆಗುವಷ್ಟು ಒಟ್ಟಿಗೇ ಕಲಸಿಡುವುದು ಜಾಣತನ. ಪಿಪೆಟ್ ತುದಿಯಲ್ಲಿ ಅಷ್ಟಿಷ್ಟು ಉಳಿದೇ ಉಳಿಯುತ್ತದೆ. ಎಲ್ಲರ ಕೈಯೂ ತಪ್ಪುವುದು ಡಿಎನ್‌ಎಯ ಪ್ರತಿ ಹೆಣೆಯುವ ಟ್ಯಾಕ್ ಕಿಣ್ವದ ಹತ್ತಿರ. ಅರ್ಧದಷ್ಟು ಗ್ಲಿಸರಾಲ್ ಇರುವ ಅಂಟಂಟಾದ ದ್ರಾವಣವದು. ತುದಿಯನ್ನು ಆಳಕ್ಕೆ ಅದ್ದಿದರೆ ಹೊರಮೈಗೂ ಮೆತ್ತಿಕೊಂಡು ಬೇಕಾದುದಕ್ಕಿಂತ ಹೆಚ್ಚು ಬರುತ್ತದೆ. ಮೇಲ್ಮೈಗೆ ತಾಕಿಸಿ, ನಿಧಾನವಾಗಿ ಎಳೆಯಬೇಕು.

95 ಡಿಗ್ರಿಯಲ್ಲಿ ಡಿಎನ್‌ಎ ಎಳೆಗಳು ಬೇರ್ಪಡುತ್ತವೆ, 55–60ರಲ್ಲಿ ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಣುಕಾದ ಪ್ರೈಮರ್ ಕೂರುತ್ತದೆ, 72ರಲ್ಲಿ ಕಿಣ್ವ ನಿಮಿಷಕ್ಕೆ ಸುಮಾರು ಸಾವಿರ ಡಿಎನ್‌ಎ ಅಕ್ಷರ (ಬೇಸ್) ಹೆಣೆಯುತ್ತದೆ. ಅಷ್ಟು ಬಿಸಿಗೂ ಕಿಣ್ವ ಕೆಡದಿರುವುದು ಅದರ ಮೂಲದಿಂದಾಗಿ. ಯೆಲ್ಲೊಸ್ಟೋನ್‌ನ ಬಿಸಿನೀರ ಬುಗ್ಗೆಯಲ್ಲಿ ಏನು ಬದುಕಿರಬಹುದೆಂಬ ಕುತೂಹಲಕ್ಕೆ ಥಾಮಸ್ ಬ್ರಾಕ್ ಹುಡುಕಿದ ಬ್ಯಾಕ್ಟೀರಿಯಾದ ಕಿಣ್ವವಿದು.

ಈ ಮೂರು ಹಂತ ಸೇರಿ ಒಂದು ಸುತ್ತು, ಸುತ್ತಿಗೊಮ್ಮೆ ಡಿಎನ್‌ಎ ಇಮ್ಮಡಿ. 30 ಸುತ್ತು ಮುಗಿದಾಗ, ಲೆಕ್ಕದ ಪ್ರಕಾರ, ಒಂದು ಅಣು ನೂರು ಕೋಟಿ ದಾಟಿರುತ್ತದೆ. ತೊಂದರೆಯೂ ಅಲ್ಲೇ. ನಿನ್ನೆಯ ಕೊಳವೆಯ ಮುಚ್ಚಳ ತೆಗೆದಾಗ ಹಾರಿದ ಕಣ್ಣಿಗೆ ಕಾಣದ ಹನಿ ಇಂದಿನ ಮಿಶ್ರಣಕ್ಕೆ ಬಿದ್ದರೆ ಸಾಕು, ಅದೂ ನೂರು ಕೋಟಿಯಾಗುತ್ತದೆ. ಅದಕ್ಕೇ ಮಾದರಿಯ ಬದಲು ಬರೀ ನೀರು ಹಾಕಿದ ಕೊಳವೆ ಪ್ರತಿ ಸಲವೂ ಬೇಕು. ಮಿಶ್ರಣ ಕಲಸುವ ಜಾಗ ಮತ್ತು ಡಿಎನ್‌ಎಯನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡಲು ಜೆಲ್ ಓಡಿಸುವ ಜಾಗ ಬೇರೆಬೇರೆ ಇರಬೇಕು, ಪಿಪೆಟ್‌ಗಳೂ ಬೇರೆ.

ಜೆಲ್‌ನಲ್ಲಿ ಡಿಎನ್‌ಎ ಇರುವೆಡೆ ಕಾಣುವ ಗೆರೆಯಂತಹ ಪಟ್ಟಿಯೇ ಬಾರದಿದ್ದರೆ ಹೊಸಬರು ಡಿಎನ್‌ಎ ಕಡಿಮೆಯಾಯಿತೆಂದು ಇನ್ನಷ್ಟು ಸುರಿಯುತ್ತಾರೆ. ಎಷ್ಟೋ ಸಲ ಆಗಬೇಕಾದುದು ಇದಕ್ಕೆ ತಿರುಗುಮುರುಗು. ಮಾದರಿಯೊಡನೆ ಬಂದ ಇಡಿಟಿಎ ಎಂಬ ರಾಸಾಯನಿಕ, ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಅನ್ನು ಕಟ್ಟಿಹಾಕಿರುತ್ತದೆ. ರಕ್ತದ ಹೀಮ್, ಮಣ್ಣಿನ ಹ್ಯೂಮಿಕ್ ಆಮ್ಲ ಕಿಣ್ವವನ್ನು ತಡೆಯುತ್ತವೆ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ನೋಡಿ. ಪಟ್ಟಿ ಬಂದರೆ ಅಡ್ಡಿ ಅಲ್ಲೇ ಇತ್ತು.

ನೀರಿನ ಲೇನ್‌ನಲ್ಲಿ, ಅಂದರೆ ಜೆಲ್‌ನಲ್ಲಿ ನೀರಿನ ಕೊಳವೆಯ ಮಿಶ್ರಣ ಓಡಿದ ಸಾಲಿನಲ್ಲಿ, ನೂರು ಅಕ್ಷರಕ್ಕಿಂತ ಕೆಳಗೆ ಮಸುಕಾಗಿ ಕಾಣುವುದು ಸಾಮಾನ್ಯವಾಗಿ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡದ್ದು, ಗಾಬರಿ ಬೇಡ. ಮಾದರಿಯ ಪಟ್ಟಿಯ ಎತ್ತರದಲ್ಲೇ ಬಂದರೆ ಮಾತ್ರ ಆ ದಿನದ ಫಲಿತಾಂಶವನ್ನೆಲ್ಲ ಬದಿಗಿಟ್ಟು ನೀರು, ಪ್ರೈಮರ್, ಬಫರ್ ಹೀಗೆ ಒಂದೊಂದನ್ನೇ ಹೊಸದಾಗಿ ಬದಲಿಸಿ ಹುಡುಕಬೇಕು. ಅನುಭವಿ ಮಾರ್ಗದರ್ಶಕರು ಜೆಲ್ ಚಿತ್ರ ಕೈಗೆ ಬಂದೊಡನೆ ಮೊದಲು ನೋಡುವುದು ಆ ಲೇನನ್ನೇ.